ಹನ್ನೊಂದನೇ ಕಾಲಂ

ನಾಲ್ಕನೇ ಕಾಲಂ: ಎಷ್ಟು ವರ್ಷ ಓದಿದ್ದೀರಿ?
ಹನ್ನೊಂದನೇ ಕಾಲಂ: ತಿಂಗಳ ಆದಾಯ.
ನಡುವೆ ಹೆಂಚು, ಬಾವಿ, ಕಕ್ಕಸು, ಗ್ಯಾಸು.
ರಾಜಧಾನಿಯಲ್ಲಿ ಯಾರೋ ಕೂತು
ನಾಲ್ಕರಿಂದ ಹನ್ನೊಂದಕ್ಕೆ ಒಂದು ಗೆರೆ ಎಳೆಯುತ್ತಾರಂತೆ,
ಬಲಕ್ಕೆ ಹೋದಷ್ಟೂ ಗೆರೆ ಮೇಲೇರುತ್ತದಂತೆ.
ಕುಮಟೆಯ ತರಬೇತಿಯಲ್ಲಿ ಹಾಗೆ ಹೇಳಿ
ಎರಡು ಬಿಸ್ಕತ್ತು, ಒಂದು ನೀಲಿ ಪೆನ್ನು ಕೊಟ್ಟರು.
ಫಾರ್ಮಿಗೆ ಹದಿನೆಂಟು ರೂಪಾಯಿ.

ನಾನು ಬಿ.ಎ., ಅರ್ಥಶಾಸ್ತ್ರ, ಎರಡನೇ ದರ್ಜೆ.
ಅಘನಾಶಿನಿಯ ಅಳಿವೆಯಲ್ಲಿ, ಇಳಿತದ ಹೊತ್ತು,
ಚಪ್ಪಲಿ ಕೈಯಲ್ಲಿ ಹಿಡಿದು
ಮೊಣಕಾಲ ತನಕ ಕೆಸರಲ್ಲಿ ಹೂತು ನಿಂತವ.

ಸಾತು ಅಂಬಿಗ ಸೊಂಟಮಟ್ಟ ನೀರಿನಲ್ಲಿ
ಕಾಲ್ಬೆರಳಲ್ಲೇ ಬಳಚು ತಡಕುತ್ತಿದ್ದಳು.
ಓದು?
"ಸೊನ್ನೆ. ದುಂಡಗೆ ಬರೀರಿ."
ಆದಾಯ?
"ಅಮಾಸೆ ಹತ್ರ ಒಂದು ನಮೂನಿ, ಅಷ್ಟಮಿ ಹತ್ರ ಇನ್ನೊಂದು.
ಮಳೆಗಾಲಕ್ಕೆ ಎಂತದೂ ಇಲ್ಲ.
ನಿಮ್ಮ ತಿಂಗಳು ಯಾವುದು?"

ಮನಸ್ಸಲ್ಲೇ ಗುಣಿಸಿ ನೋಡಿದೆ. ಅಮಾವಾಸ್ಯೆಯ ವಾರ
ಅವಳ ಸೊನ್ನೆ, ನನ್ನ ಹದಿನೈದು ವರ್ಷಕ್ಕಿಂತ ಹೆಚ್ಚು ದುಡಿಯುತ್ತದೆ.
ಗೆರೆ ಎಡಕ್ಕೆ ವಾಲಿತು.
ನನಗೆ ಒಳಗೊಳಗೇ ಖುಷಿ. ಗೆಳೆಯರಿಗೆ ಹೇಳಲು ಒಂದು ಮಾತು ಸಿಕ್ಕಿತ್ತು:
ಓದದವಳಿಗೆ ನದಿಯೇ ಶಾಲೆ, ಇತ್ಯಾದಿ.

ಅವಳು ಹೆಬ್ಬೆರಳೆತ್ತಿ ತೋರಿಸಿದಳು,
ಚಿಪ್ಪು ಕೊಯ್ದು ಕೊಯ್ದು ಗೆರೆಗಳೇ ಉಳಿದಿಲ್ಲದ್ದು.
"ಇದನ್ನ ಒಂದು ಕಾಗದಕ್ಕೆ ಒತ್ತಿದ್ದೆ.
ಬಲೆಗೆ ಸಾಲ ಅಂದ್ರು.
ಮರುದಿನ ಆ ದಿಬ್ಬಕ್ಕೆ ದೋಣಿ ಬಂತು, ಸಲಿಕೆ ಬಂತು,
ಮರಿಬಳಚೂ ಬಿಡದೆ ಬಾಚಿ ಸುಣ್ಣಕ್ಕೆ ಹಾಕಿದ್ರು.
ಒಪ್ಪಿಗೆ ಕೊಟ್ಟದ್ದು ನಾವೇ ಅಂತೆ.
ಬೆರಳು ಅಲ್ಲಿ ಇತ್ತಲ್ಲ.
ಮೂರು ವರ್ಷ ಇಲ್ಲಿ ಬರೀ ನೀರು."

ಗೆಳೆಯರಿಗೆ ಹೇಳಬೇಕೆಂದಿದ್ದ ಮಾತು
ಕೆಸರಲ್ಲೇ ಉಳಿಯಿತು.

ದಂಡೆಯಲ್ಲಿ ಮೊಮ್ಮಗಳು ಚಿತ್ರಾಕ್ಷಿ, ಒಂಬತ್ತನೇ ತರಗತಿ.
ಶಾಲೆಯ ಚೀಲ ಮಡಿಲಲ್ಲಿ, ಕಣ್ಣು ತಕ್ಕಡಿಯ ಕೆಂಪು ಅಂಕಿಗಳ ಮೇಲೆ.
ಹೋದ ವರ್ಷ ಇವಳೇ ಹಿಡಿದದ್ದು:
ಬುಟ್ಟಿಯ ತೂಕವನ್ನು ಮಷಿನ್ನು ಒಮ್ಮೆ ಕಳೆಯುತ್ತದೆ,
ವ್ಯಾಪಾರಿ ತನ್ನ ಪುಸ್ತಕದಲ್ಲಿ ಇನ್ನೊಮ್ಮೆ.
ದಿನಾ, ಪ್ರತಿ ಬುಟ್ಟಿಗೆ, ಎಷ್ಟು ವರ್ಷದಿಂದಲೋ.
ಈಗ ಮಡಗಾಂವಿಗೂ ಮಾಲ್ವಣಕ್ಕೂ ಅವಳೇ ಫೋನು ಹಚ್ಚಿ
ಬೆಳಗಿನ ದರ ಕೇಳಿ, ಕೂಗಿ ಹೇಳುತ್ತಾಳೆ.
ನೀರಲ್ಲಿದ್ದ ಹತ್ತೊಂಬತ್ತು ಹೆಂಗಸರು ತಲೆ ಎತ್ತುತ್ತಾರೆ.
ಕಿಲೋಗೆ ನಲವತ್ತಿದ್ದದ್ದು ಐವತ್ತೈದು.

ನಾನು ಬರೆದೆ:
ಚಿತ್ರಾಕ್ಷಿ, ಹದಿನಾಲ್ಕು, ವಿದ್ಯಾರ್ಥಿನಿ, ಅವಲಂಬಿತೆ.
ಹನ್ನೊಂದನೇ ಕಾಲಂ: ಇಲ್ಲ.
ನಿಯಮ ಹಾಗಿದೆ. ಒಬ್ಬಳ ಓದು
ಹತ್ತೊಂಬತ್ತು ಮನೆಯ ಸಾರಿಗೆ ಕಾಯಿ ಹಾಕಿದರೆ
ಅದನ್ನು ಯಾರ ಹೆಸರಲ್ಲಿ ತುಂಬಬೇಕು
ಎಂದು ತರಬೇತಿಯಲ್ಲಿ ಹೇಳಿರಲಿಲ್ಲ,
ನಾನೂ ಕೇಳಿರಲಿಲ್ಲ.

ಕಾಲು ತೊಳೆಯಲು ಹೋಗುವಾಗ ಫೈಲನ್ನು ಅವಳ ಕೈಲಿ ಕೊಟ್ಟೆ.
ಬಂದಾಗ ಹಳದಿ ಚೀಟಿಯೊಂದನ್ನು ನೋಡುತ್ತಿದ್ದಳು,
ಹೋದ ವಾರದ ನನ್ನ ಬಟವಾಡೆ.
"ನಲವತ್ಮೂರು ಫಾರ್ಮು, ಹದಿನೆಂಟರಂತೆ,
ಏಳ್ನೂರ ಎಪ್ಪತ್ನಾಲ್ಕು ಆಗ್ಬೇಕು.
ಇಲ್ಲಿ ಏಳ್ನೂರ ಇಪ್ಪತ್ನಾಲ್ಕು ಅಂತ ಇದೆ."
ಮತ್ತೆ, ಸ್ವಲ್ಪ ಮೆತ್ತಗೆ,
"ನೀವು ಓದಿ ಸಹಿ ಮಾಡಿದ್ದಲ್ವಾ?"

ಕೆಳಗೆ ನನ್ನ ಸಹಿ. ಇಂಗ್ಲಿಷಿನಲ್ಲಿ,
ಕೊನೆಯ ಅಕ್ಷರಕ್ಕೆ ಉದ್ದ ಬಾಲ, ಬಾಲದಡಿ ಎರಡು ಚುಕ್ಕಿ.
ಕಾಲೇಜಿನಲ್ಲಿ ಒಂದಿಡೀ ನೋಟ್‌ಬುಕ್ಕಿನಲ್ಲಿ ಅಭ್ಯಾಸ ಮಾಡಿದ್ದು.

ಸಾತು ಏನೂ ಅನ್ನಲಿಲ್ಲ. ಉಬ್ಬರ ಶುರುವಾಗಿತ್ತು.
ಬುಟ್ಟಿ ಇಳಿಸಿ, ಹೆಬ್ಬೆರಳು ಸೆರಗಿಗೆ ಒರೆಸಿಕೊಂಡು,
ಆ ಚೀಟಿಯನ್ನು ಅವಳೂ ಒಂದು ಸಲ ನೋಡಿದಳು,
ಓದಬಲ್ಲವಳ ಹಾಗೆ.