ಕತ್ತಲ ದೀಪ

ಹರಾಜಿನ ಚೀಟಿಯಲ್ಲಿ ನೀನು ಬರೀ ನಾನೂರ ಹನ್ನೆರಡು.
ಎರಡೂವರೆ ಟನ್ನು, ಹತ್ತು ಗಾಲಿ, ಒಡೆದ ಒಂದು ಕನ್ನಡಿ;
ಹಿಂದೆ ಅದೇ ಹಸಿರಿನ ಟ್ರೇಲರು,
ತಾಯಿ ತಿರುಗಿದತ್ತ ತಿರುಗುವ ಕರು.
ಕೈಯೆತ್ತಿದವರು ಇಬ್ಬರೇ, ನಾನು ಮತ್ತು ಗುಜರಿಯ ಲೈಲ್.
ಅವನು ನಿನ್ನನ್ನು ತೂಕಕ್ಕೆ ಕೇಳಿದ.
ನಾನು, ನಡೆಯುತ್ತೀಯೇನೋ ಎಂದು.

ಕೌಂಟಿ ಕಚೇರಿಯ ಕಿಟಕಿಯಲ್ಲಿ ಅರ್ಡಿಸ್ ಕನ್ನಡಕ ಮೂಗಿಗಿಳಿಸಿ
"ಹಿಂದಿನ ಮಾಲೀಕರು?" ಎಂದಳು.
"ಅಮೆರಿಕ ಸರ್ಕಾರ" ಎಂದೆ.
ನಗದೆ ಬರೆದುಕೊಂಡಳು.
"ಎಷ್ಟು ಮೈಲಿ ಓಡಿದೆ?"
ಮೀಟರು ಮೂರು ಸಾವಿರದಲ್ಲಿ ನಿಂತಿದೆ,
ಎಷ್ಟನೆಯ ಸುತ್ತಿನ ಮೂರು ಸಾವಿರವೋ.
"ಚಾಸಿ ನಂಬರು ಕಣ್ಣಿಗೆ ಕಾಣಬೇಕು. ಹೋಗಿ ಬಾ."

ಹೋದೆ. ಜೇನುಚೌಕಟ್ಟು ಮೀಟುವ ಉಳಿಯಿಂದ ಕೆರೆದೆ:
ಹಸಿರಿನಡಿ ಮರಳುಬಣ್ಣ, ಮರಳಿನಡಿ ಮತ್ತೆ ಹಸಿರು,
ಅದರಡಿ ಹಿತ್ತಾಳೆ. ನಂಬರು ಸಿಕ್ಕಿತು.
ಪಕ್ಕದಲ್ಲೇ ಮೊಳೆಯಲ್ಲಿ ಗೀರಿದ ಅಕ್ಷರ,
ಯಾವ ಹುಡುಗನೋ, ಯಾವ ದೇಶದ ಕೆಸರಲ್ಲಿ ನಿಂತೋ:
ಎಡಕ್ಕೆ ಎಳೆಯುತ್ತಾಳೆ, ಜೋಪಾನ.
ಅರ್ಡಿಸಳ ಫಾರಮ್ಮಿನಲ್ಲಿ ಅದಕ್ಕೆ ಕಲಮು ಇರಲಿಲ್ಲ.

ಡಕೋಟಾದ ಚಳಿಗಾಲವಿಡೀ ನಿನ್ನನ್ನು ಕಾನೂನಿಗೆ ಒಗ್ಗಿಸಿದೆ.
ಬಾಗಿಲ ನಕ್ಷತ್ರಕ್ಕೆ ಬಣ್ಣ ಬಳಿದೆ.
ರೈಫಲ್ ನಿಲ್ಲಿಸುತ್ತಿದ್ದ ಕೊಂಡಿಯಲ್ಲಿ ಹೊಗೆತಿದಿ ಕೂತಿತು,
ಅಳತೆ ಕೊಟ್ಟು ಮಾಡಿಸಿದ ಹಾಗೆ.
ನಿನ್ನ ನಾಡಿ ಇಪ್ಪತ್ನಾಲ್ಕು ವೋಲ್ಟು, ಊರಂಗಡಿಯ ಬಲ್ಬು ಹನ್ನೆರಡು;
ಮೊದಲನೆಯದು ಒಂದೇ ಕ್ಷಣ ಮಿಂಚಿ ಮಸಿಯಾಯಿತು.
ಟ್ರೇಲರಿಗೆ ಬೇರೆ ಹಲಗೆ, ಬೇರೆ ಶುಲ್ಕ.
ಕರುವಿಗೂ ಪೂರ್ತಿ ಟಿಕೆಟ್ಟು.

ಪೊಲೀಸ್ ಎಲ್ಡನ್ ಬಗ್ಗಿ ಬೆರಳಿಟ್ಟದ್ದು ಒಂದಕ್ಕೇ:
ಬಂಪರಿನ ಬಳಿ, ರೆಪ್ಪೆ ಇಳಿಬಿಟ್ಟ ಬೆಕ್ಕುಗಣ್ಣಿನ ದೀಪ,
ಮೇಲೆ ಹಾರುವ ವಿಮಾನಕ್ಕೆ ಕಾಣದಂತೆ
ನೆಲವನ್ನಷ್ಟೇ ನೆಕ್ಕುವ ಬೆಳಕು.
"ಇದೊಂದನ್ನೇ ಹಚ್ಚಿ ರಸ್ತೆಗಿಳಿದರೆ ದಂಡ."
"ರಸ್ತೆಗಲ್ಲ" ಎಂದೆ. ಹೆಚ್ಚು ಹೇಳಲಿಲ್ಲ.

ಜುಲೈ. ರಾತ್ರಿ ಹನ್ನೊಂದು. ನಲವತ್ತೆಂಟು ಪೆಟ್ಟಿಗೆ,
ಒಂದೊಂದರಲ್ಲೂ ನಿದ್ದೆಗೆಟ್ಟ ಒಂದೊಂದು ಊರು.
ಡಾಂಬರು ಇರುವವರೆಗೆ ಇದ್ದಬದ್ದ ದೀಪವೆಲ್ಲ ಹೊತ್ತಿಸಿ
ಮದುವೆಮನೆಯಂತೆ ಬಂದೆವು.
ಸೂರ್ಯಕಾಂತಿ ಹೊಲದ ಗೇಟು ದಾಟಿದ್ದೇ
ಮೂರು ಹಿಡಿಯ ಸ್ವಿಚ್ಚು ತಿರುಗಿಸಿದೆ.
ಬೆಳಕು ಕಂಡಲ್ಲಿ ಮುತ್ತುವ ಜೀವಗಳು
ಕತ್ತಲೆಂದೇ ನಂಬಿದವು.
ಒಂದೂ ಏಳಲಿಲ್ಲ.

ಯಾರಿಂದ ಅಡಗಿ ಯಾರ ಮೇಲೆ ಹೋಗಲೆಂದು
ಮಾಡಿದ್ದೋ ಈ ಕಣ್ಣನ್ನು,
ನಾನು ಕೇಳುವುದಿಲ್ಲ. ಇಳಿಜಾರು ಬಂತು,
ಎಡಕ್ಕೆ ಹಳ್ಳ.
ಗೊತ್ತು, ಗೊತ್ತು, ಎಳೆಯುತ್ತೀ.
ಬರೆದಿಟ್ಟು ಹೋಗಿದ್ದಾರೆ.