ಎಂಟೂವರೆಗೆ ತಿಂಡಿ

ಪೋರ್ಟೊ ನಿಲ್ದಾಣದಲ್ಲಿ ಅಪ್ಪ
ಪರ್ಸನ್ನೇ ನನ್ನ ಕೈಗೆ ಕೊಟ್ಟುಬಿಟ್ಟ.
'ನೀನೇ ನೋಡ್ಕೋ, ಈ ಚಿಲ್ಲರೆ ನನಗೆ ತಿಳಿಯಲ್ಲ.'
ಮೂವತ್ತೊಂದು ವರ್ಷ ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ
ಹಳದಿ ಶಾಲಾ ಬಸ್ಸು ಓಡಿಸಿದವನು,
ಹಿಮ ಬಿದ್ದರೂ ಒಂದು ದಿನ ತಡವಾಗದವನು,
ಈಸ್ಟರ್ ರಜೆಯ ಈ ಬೆಳಿಗ್ಗೆ ನನ್ನ ಹಿಂದೆ ಹಿಂದೆ.
ಅವನ ಹಿಂದೆ ಲೋರ್ನಾ ಅತ್ತೆ,
ಎದೆಗವುಚಿದ ಚೀಲದಲ್ಲಿ ಐದು ದೇಶಕ್ಕಾಗುವಷ್ಟು ಮಾತ್ರೆ,
ಒಂದು ಡಬ್ಬಿ ಕಡಲೆಕಾಯಿ ಬೆಣ್ಣೆ.

ನಾನು ಇಲ್ಲಿಗೆ ಬಂದು ಏಳೇ ತಿಂಗಳು.
ಕೊಯಿಂಬ್ರಾದ ತರಗತಿಯಲ್ಲಿ ಬಾಯಿ ಬಿಟ್ಟರೆ
ಪಕ್ಕದ ಹುಡುಗರು ಮೆಲ್ಲಗೆ ನೆಲ ನೋಡುತ್ತಾರೆ.
ಇವರಿಬ್ಬರಿಗೆ ಮಾತ್ರ ನಾನು ಬೀಗದ ಕೈ ಗೊಂಚಲು.
ಟಿಕೆಟ್ಟಿನವನಿಗೆ ಒಂದು ಮಾತು, ಬಾಗಿಲು ತೆರೆಯಿತು;
ಕಾಫಿಯವಳಿಗೆ ಒಂದು ಮಾತು, ಹಾಲು ಬಂತು.
ಅತ್ತೆ ಚಪ್ಪಾಳೆ ತಟ್ಟಿದಳು, ನಿಜವಾಗಿ,
ಬೋಗಿಯವರೆಲ್ಲ ತಿರುಗಿ ನೋಡುವ ಹಾಗೆ.
ಇವರು ಯಾರೋ ಎನ್ನುವಂತೆ
ಕಿಟಕಿಯತ್ತ ಮುಖ ಮಾಡಿದೆ.
ನಾಚಿಕೆಯಾಯಿತು.
ಆಮೇಲೆ ಆ ನಾಚಿಕೆಗೇ ನಾಚಿಕೆಯಾಯಿತು.

ದೌರೊ ನದಿ ಬಲಕ್ಕೆ.
ತಿರುವು ಬಂದಾಗೆಲ್ಲ ಅಪ್ಪನ ಬಲಗಾಲು
ನೆಲವನ್ನು ಒತ್ತುತ್ತದೆ. ಬ್ರೇಕು.
ಅವನಿಗದು ಗೊತ್ತಿಲ್ಲ. ಮೊದಲ ಸೀಟಿನಲ್ಲಿ ಕೂತು
ಶಾಲೆಗೆ ಹೋಗಿಬಂದ ನನಗೆ ಗೊತ್ತು.
ಬೆಟ್ಟಗಳಿಗೆ ಯಾರೋ ಬಾಚಣಿಗೆ ಆಡಿಸಿದ ಹಾಗೆ
ದ್ರಾಕ್ಷಿಯ ಸಾಲು, ಸಾಲಿನ ಮೇಲೆ ಸಾಲು.
'ಇಲ್ಲಿಗೆ ಟ್ರ್ಯಾಕ್ಟರ್ ಹತ್ತಿಸೋದು ಹೇಗೋ' ಎಂದ.
ಎರಡು ಗಂಟೆಯಲ್ಲಿ ಅದೊಂದೇ ಮಾತು.

ಪಿನ್ಯಾವ್‌ನಲ್ಲಿ ಇಳಿದೆವು.
ಎರ್ಮೆಲಿಂಡಾಳ ಮನೆಗೆ ಎಪ್ಪತ್ತೆರಡು ಮೆಟ್ಟಿಲು.
ಹದಿನೆಂಟರಲ್ಲಿ ಅಪ್ಪ ನಿಂತ, ನಿಂಬೆ ಮರ ನೋಡುವವನಂತೆ.
ಮೂವತ್ತರಲ್ಲಿ ನಿಂತ, ಬೆಕ್ಕು ನೋಡುವವನಂತೆ.
ನಲವತ್ತೊಂದರಲ್ಲಿ
ನೋಡಲು ಏನೂ ಇರಲಿಲ್ಲ.

ಕರಿ ಏಪ್ರನ್ನಿನ ಮುದುಕಿ ಮೇಲಿಂದ ಎಲ್ಲ ಕಂಡಿದ್ದಳು.
ಚಾವಿ ನನ್ನ ಕೈಗಿಡುತ್ತಾ, ದನಿಯನ್ನೂ ತಗ್ಗಿಸದೆ,
ಇವರಿಗೆ ತಿಳಿಯದೆಂಬ ಧೈರ್ಯದಲ್ಲಿ ಹೇಳಿದಳು:
ಮಗೂ, ನನ್ನ ಗಂಡನೂ ಹೀಗೇ ಹತ್ತುತ್ತಿದ್ದ.
ತುಟಿ ಇದೇ ಬಣ್ಣ.
ಡಾಕ್ಟರಿಗೆ ತೋರಿಸು, ನಾಳೆ ನಾಡಿದ್ದು ಅನ್ನಬೇಡ.

'ಏನಂತೆ?' ಎಂದ ಅಪ್ಪ, ಗೋಡೆಗೆ ಕೈಯಾನಿಸಿ.
ಏಳು ತಿಂಗಳಲ್ಲಿ
ಒಂದು ಪದವೂ ತಪ್ಪದೆ ನನಗೆ ಅರ್ಥವಾದ ಮೊದಲ ಮಾತು.
'ತಿಂಡಿ ಎಂಟೂವರೆಗಂತೆ' ಎಂದೆ.

ರಾತ್ರಿ ಅವನ ಗೊರಕೆ ಶುರುವಾದ ಮೇಲೆ
ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ ಮಾತ್ರೆ ಎಣಿಸುತ್ತಿದ್ದಳು,
ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಖಾನೆ ಖಾನೆಗೆ.
ಶೀಶೆಗಳ ಮೇಲೆ ಅವಳ ಹೆಸರಿರಲಿಲ್ಲ.
ಡೇಲ್ ಹಾಲ್ವರ್ಸನ್. ಡೇಲ್ ಹಾಲ್ವರ್ಸನ್. ಡೇಲ್.
'ನಿನ್ನ ಪರೀಕ್ಷೆ ಮುಗೀಲಿ ಅಂತ ಅವನೇ...' ಎಂದಳು.
ನಾನು ನಲ್ಲಿ ನಿಲ್ಲಿಸಿದೆ.
ಒಂದು ಬಿಳಿ ಮಾತ್ರೆ ಉರುಳಿ ತೊಟ್ಟಿಯ ಕೆಳಗೆ ಹೋಗಿತ್ತು;
ಇಬ್ಬರೂ ಮಂಡಿಯೂರಿ ಹುಡುಕಿದೆವು, ತುಂಬ ಹೊತ್ತು.

ಅಪ್ಪ ಎಂಟೂ ಇಪ್ಪತ್ತೈದಕ್ಕೇ
ತಲೆ ಬಾಚಿ, ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿ
ಅಡುಗೆಮನೆಯ ಬರಿಮೇಜಿನ ಮುಂದೆ ಕೂತಿದ್ದ.
ಈ ಮನೆಯಲ್ಲಿ ತಿಂಡಿ ಕೊಡುವುದೇ ಇಲ್ಲ.
ಮುದುಕಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು,
ತನ್ನ ರೊಟ್ಟಿ, ತನ್ನ ಗಿಣ್ಣು, ಒಂದು ಬಟ್ಟಲು ಹಣ್ಣಿನ ಪಾಕ
ತಂದಿಟ್ಟಳು.

ಹೇಳಿದೆಯಾ ಅವನಿಗೆ? ಎಂದು ಕೇಳಿದಳು.
ಅವನಿಗೆ ಮೊದಲೇ ಗೊತ್ತಿತ್ತು, ಎಂದೆ.
ಕ್ರಿಯಾಪದ ತಪ್ಪಿತು. ಅವಳು ತಿದ್ದಲಿಲ್ಲ.

'ಏನಂತೆ?'
'ಇನ್ನೊಂದು ತುಂಡು ಬೇಕಾ ಅಂತ.'
'ಬೇಕು' ಎಂದ ಅಪ್ಪ. ಅವಳತ್ತ ದೊಡ್ಡದಾಗಿ ತಲೆಯಾಡಿಸಿದ.
ಆಮೇಲೆ ಗಡಿಯಾರ ನೋಡಿಕೊಂಡು, ನನ್ನ ಕಿವಿಗೆ ಬಾಗಿ:
'ಹತ್ತು ನಿಮಿಷ ತಡ.
ಅದನ್ನು ಮಾತ್ರ ಅವರಿಗೆ ಹೇಳಬೇಡ.'