ಹಿಡಿಯೊಳಗಿನ ಹೆಸರು

ಡೋಂಗ್ರಿಯ ಗಲ್ಲಿಯಲ್ಲಿ
ಹೋಟೆಲಿನ ಚೂರಿಗಳನ್ನು ಸಾಣೆಗೆ ಕೊಟ್ಟು ನಿಂತಿದ್ದೆ.
ತಾಹೇರಲಿ ಚಾಚಾ ಚಕ್ರ ನಿಲ್ಲಿಸಿ
ಯಾವುದೋ ಪಾರ್ಸಿ ಮನೆಯ ಹರಾಜಿನಲ್ಲಿ ಬಂದ
ಜಪಾನಿನ ಕಿರುಗತ್ತಿಯ ಬಟ್ಟೆ ಬಿಚ್ಚಿದ.

ಅಲಗಿನಂಚಿಗೆ ಮಂಜಿನ ಗೆರೆ:
ಮಣ್ಣು ಮೆತ್ತಿ, ಕಾಸಿ, ನೀರಿಗದ್ದಿದ ಆ ಚಣ
ಇನ್ನೂ ಆರಿಲ್ಲ.
'ಇದಕ್ಕೆ ನನ್ನ ಕಲ್ಲು ಸಾಲದು' ಅಂದ.

ಬಿದಿರಿನ ಒಂದೇ ಒಂದು ಮೊಳೆ.
ನೂಕಿದರೆ ಹಿಡಿ ಕಳಚಿತು.
ಒಳಗೆ, ತುಕ್ಕಿನ ಕತ್ತಲಲ್ಲಿ,
ಉಳಿ ಕೊರೆದ ಎರಡಕ್ಷರ.
ಹಿಡಿದು ಮೆರೆದವರು
ಓದಿದ್ದರೋ ಇಲ್ಲವೋ.

ಒರೆಸಲು ಹೋದೆ. ಕೈ ತಡೆದ:
'ತುಕ್ಕಲ್ಲ, ಅವನ ವಯಸ್ಸು. ಬಿಡು.'

ಮೊಳೆ ಮತ್ತೆ ಕೂತಿತು. ಚಕ್ರ ತಿರುಗಿ
ಈರುಳ್ಳಿ ಚೂರಿಯಿಂದ ಕಿಡಿ ಹಾರಿತು.
ಎಂಟು ಚೂರಿ, ನೂರಾ ಅರವತ್ತು ರೂಪಾಯಿ.
ಪ್ರತಿಯೊಂದರ ಹಿಡಿಯ ಮೇಲೂ
ಕೆಂಪು ಬಣ್ಣದಲ್ಲಿ, ದಪ್ಪಗೆ,
ನಮ್ಮ ಧಣಿಯ ಹೆಸರು.